ನಿಂತಲ್ಲೇ ಇಳಿದುಹೋಗುವ ಬ್ಯಾಟರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನದು 2003ರ ಮಾರುತಿ 800 ಕಾರು. ಹದಿನೈದು ವರ್ಷ ತುಂಬಿದ ಮೇಲೆ ಎರಡು ಸಲ ನೋಂದಣಿ ನವೀಕರಿಸಿಕೊಂಡು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ನಿವೃತ್ತನಾದ ಮೇಲೆ ಭಾನುವಾರ ಸಾಗರದಿಂದ ಶಿವಮೊಗ್ಗಕ್ಕೆ ಹೋಗಿ ಬರುವುದನ್ನು ಬಿಟ್ಟರೆ ಕಾರು ಶೆಡ್ಡಿನಲ್ಲೇ ಇರುತ್ತದೆ. ಐದು ವರ್ಷ ಬಾಳಿದ ಹಳೆಯ ಬ್ಯಾಟರಿ ಕಳೆದ ಮಳೆಗಾಲದಲ್ಲಿ ಕೈಕೊಟ್ಟಿತು. ಪಕ್ಕದ ಮನೆಯವರ ಜೀಪಿನಿಂದ ಕೇಬಲ್ ಕೊಟ್ಟು ಸ್ಟಾರ್ಟ್ ಮಾಡಿಸಿದೆವು. ಆ ಗಡಿಬಿಡಿಯಲ್ಲಿ ಕೇಬಲ್ ಅದಲುಬದಲಾಗಿ ದೊಡ್ಡ ಕಿಡಿ ಹಾರಿತ್ತು; ಎರಡನೆಯ ಸಲ ಸರಿಯಾಗಿ ಹಿಡಿದಾಗ ಕಾರು ಸ್ಟಾರ್ಟ್ ಆಯಿತು. ಮರುದಿನವೇ ಹೊಸ 35 ಎ.ಎಚ್. (ಆಂಪಿಯರ್-ಅವರ್) ಬ್ಯಾಟರಿ ಹಾಕಿಸಿದೆ. ಅಲ್ಲಿಂದೀಚೆಗೆ ಭಾನುವಾರ ಓಡಿಸಿ ನಿಲ್ಲಿಸಿದ ಕಾರು ಗುರುವಾರ ಕೀ ತಿರುಗಿಸಿದರೆ ‘ಟಕ್ ಟಕ್’ ಎನ್ನುತ್ತದೆಯೇ ಹೊರತು ಸೆಲ್ಫ್ ತಿರುಗುವುದಿಲ್ಲ. ಅಂಗಡಿಯವರು ವಾರಂಟಿಯಲ್ಲಿ ಬ್ಯಾಟರಿ ಬದಲಿಸಿಕೊಟ್ಟರು; ಎರಡನೆಯದರ ಗತಿಯೂ ಅದೇ ಆಗಿದೆ. ಒಬ್ಬ ಎಲೆಕ್ಟ್ರಿಷಿಯನ್ ‘ಎಲ್ಲೋ ಶಾರ್ಟ್ ಇದೆ, ವೈರಿಂಗ್ ಪೂರ್ತಿ ಬದಲಿಸಬೇಕು’ ಎನ್ನುತ್ತಾರೆ. ಇನ್ನೊಬ್ಬರು ಆಮೇಲೆ ಹಾಕಿಸಿದ ಸ್ಟೀರಿಯೊ ಹಾಗೂ ಸೆಂಟ್ರಲ್ ಲಾಕ್ ಕಿತ್ತುಹಾಕಿ ಎನ್ನುತ್ತಾರೆ. ನಾನು ಭೌತವಿಜ್ಞಾನ ಕಲಿಸಿದವನಾದ್ದರಿಂದ ಮನೆಯಲ್ಲಿ ಮಲ್ಟಿಮೀಟರ್ ಇದೆ. ಭಾನುವಾರ ರಾತ್ರಿ 12.6 ವೋಲ್ಟ್ ಇದ್ದದ್ದು ಗುರುವಾರ ಬೆಳಿಗ್ಗೆ 11.9ಕ್ಕೆ ಇಳಿದಿತ್ತು. ಏನು ಮಾಡಲಿ?
— ನಿವೃತ್ತ ಶಿಕ್ಷಕರೊಬ್ಬರು, ಸಾಗರ

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಕೊನೆಗೆ ಬರೆದಿರುವ ಆ ಎರಡು ಅಂಕಿಗಳು. ಬಾನೆಟ್ ಎತ್ತುವ ಮೊದಲೇ ಅವುಗಳಿಂದ ಎಷ್ಟೋ ತಿಳಿಯುತ್ತದೆ. ಆರು ಕೋಶಗಳ ಸೀಸ-ಆಮ್ಲ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನಿದ್ದಾಗ 12.6ರಿಂದ 12.7 ವೋಲ್ಟ್ ತೋರಿಸುತ್ತದೆ, 12.2 ಎಂದರೆ ಹೆಚ್ಚುಕಡಿಮೆ ಅರ್ಧ ಖಾಲಿ, 11.9 ಎಂದರೆ ಹತ್ತರಲ್ಲಿ ಎರಡು ಪಾಲು ಉಳಿದಿದ್ದರೆ ಹೆಚ್ಚು. ಅಂದರೆ ನಿಮ್ಮ 35 ಆಂಪಿಯರ್-ಅವರ್ ಬ್ಯಾಟರಿಯಿಂದ ಸುಮಾರು 28 ಆಂಪಿಯರ್-ಅವರ್ ಎಲ್ಲಿಗೋ ಹೋಗಿದೆ (ಒಂದು ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್). ಭಾನುವಾರ ರಾತ್ರಿಯಿಂದ ಗುರುವಾರ ಬೆಳಗಿನವರೆಗೆ 84 ಗಂಟೆ ಎಂದಿಟ್ಟುಕೊಂಡು ಭಾಗಿಸಿದರೆ ಗಂಟೆಗಂಟೆಯೂ ಮೂರನೇ ಒಂದು ಆಂಪಿಯರಿನಷ್ಟು, ಎಂದರೆ ನಾಲ್ಕು ವಾಟ್‌ನ ಒಂದು ಪುಟ್ಟ ಬಲ್ಬಿನಷ್ಟು ಕರೆಂಟ್, ಕೀ ತೆಗೆದ ಮೇಲೂ ಹರಿಯುತ್ತಿದೆ ಎಂದಾಯಿತು. ಇಂಥ ಸೋರಿಕೆ ಇರುವಾಗ ಹೊಸ ಬ್ಯಾಟರಿ ಹಾಕಿಸುವುದು, ನಲ್ಲಿ ಸೋರುತ್ತಿದೆಯೆಂದು ಮಾಳಿಗೆಯ ಮೇಲಿನ ಟ್ಯಾಂಕ್ ಬದಲಿಸಿದ ಹಾಗೆ.

‘ಶಾರ್ಟ್’ ಎಂಬ ಮಾತನ್ನು ನಮ್ಮ ಕಡೆ ಎಲ್ಲ ವಿದ್ಯುತ್ ದೋಷಗಳಿಗೂ ಬಳಸುತ್ತಾರೆ. ನಿಜವಾಗಿ ಶಾರ್ಟ್ ಆಗಿದ್ದರೆ ಫ್ಯೂಸ್ ಹಾರುತ್ತದೆ, ಇಲ್ಲವೇ ವೈರು ಸುಟ್ಟ ವಾಸನೆ ಬರುತ್ತದೆ. ನಾಲ್ಕು ದಿನ ಕಾಯುವುದಿಲ್ಲ. ನಿಮ್ಮದು ಶಾರ್ಟ್ ಅಲ್ಲ, ಸೋರಿಕೆ. ಆದ್ದರಿಂದ ವೈರಿಂಗ್ ಪೂರ್ತಿ ಬದಲಿಸುವ ಸಲಹೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಂತ ಕಾರು ಸ್ವಲ್ಪವೂ ಕರೆಂಟ್ ತೆಗೆದುಕೊಳ್ಳಬಾರದೆಂದೇನೂ ಇಲ್ಲ. ಇಂಜಿನ್ ಕಂಪ್ಯೂಟರಿನ ನೆನಪು, ಗಡಿಯಾರ, ಸ್ಟೀರಿಯೊದಲ್ಲಿ ಉಳಿಸಿಕೊಂಡ ಕೇಂದ್ರಗಳು ಇವಕ್ಕೆಲ್ಲ ಚೂರು ಚೂರು ಬೇಕೇ ಬೇಕು. ನಿಮ್ಮ ಕಾರಿನಂಥ ಸರಳ ಗಾಡಿಯಲ್ಲಿ ಅದೆಲ್ಲ ಸೇರಿ 20 ಅಥವಾ 30 ಮಿಲಿಆಂಪಿಯರ್ ಇದ್ದರೆ ಚಿಂತೆಯಿಲ್ಲ, 50 ದಾಟಿದರೆ ಹುಡುಕಬೇಕು. ನಿಮ್ಮಲ್ಲಿರುವುದು ಅದರ ಆರೇಳು ಪಟ್ಟು.

ಬ್ಯಾಟರಿ ನಿರ್ದೋಷಿಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಈ ಭಾನುವಾರ ಕಾರು ತಂದು ನಿಲ್ಲಿಸಿದ ಮೇಲೆ 10 ನಂಬರ್ ಸ್ಪ್ಯಾನರಿನಿಂದ ಮೈನಸ್ ಟರ್ಮಿನಲ್ ಸಡಿಲಿಸಿ ಕೇಬಲ್ ತೆಗೆದಿಡಿ. ಪ್ಲಸ್ ಕಡೆ ಮೊದಲು ಕೈಹಾಕಬೇಡಿ. ಸ್ಪ್ಯಾನರ್ ತಪ್ಪಿ ಬಾಡಿಗೆ ತಗುಲಿದರೆ ಅಲ್ಲೇ ಬೆಸುಗೆ ಹಾಕಿದಂತಾಗುತ್ತದೆ. ಉಂಗುರ, ಕೈಗಡಿಯಾರ ತೆಗೆದಿಟ್ಟೇ ಕೆಲಸಕ್ಕಿಳಿಯಿರಿ. ಗುರುವಾರ ಮತ್ತೆ ಅಳೆದಾಗ ವೋಲ್ಟೇಜ್ 12.5ರ ಆಸುಪಾಸಿನಲ್ಲೇ ಇದ್ದರೆ ಬ್ಯಾಟರಿ ಸರಿಯಿದೆ, ಕರೆಂಟ್ ತಿನ್ನುತ್ತಿರುವುದು ಕಾರು. ಕೇಬಲ್ ತೆಗೆದಿಟ್ಟರೂ 12ಕ್ಕೆ ಇಳಿದರೆ ಬ್ಯಾಟರಿಯ ಒಳಗೇ ದೋಷವಿದೆ, ಮುಂದಿನ ಹುಡುಕಾಟ ಬೇಕಿಲ್ಲ.

ಮೀಟರ್ ಹಚ್ಚುವ ಮೊದಲು ಕಣ್ಣಿನಿಂದಲೇ ಮಾಡಬೇಕಾದ ಒಂದು ಪರೀಕ್ಷೆಯಿದೆ. ಕತ್ತಲಾದ ಮೇಲೆ, ಶೆಡ್ಡಿನ ದೀಪ ಆರಿಸಿ, ಕಾರಿನ ಸುತ್ತ ಒಂದು ಸುತ್ತು ಬನ್ನಿ. ಇದನ್ನು ಹೇಳಲು ನನಗೆ ಸ್ವಲ್ಪ ನಾಚಿಕೆಯೂ ಆಗುತ್ತದೆ. ನನ್ನ ಹಳೆಯ ಕಾರು ಒಮ್ಮೆ ಒಂದೇ ರಾತ್ರಿಯಲ್ಲಿ ಬ್ಯಾಟರಿ ಬರಿದು ಮಾಡಿಕೊಂಡಾಗ ನಾನು ಎರಡು ದಿನ ಫ್ಯೂಸ್ ಕೀಳುತ್ತ ಕೂತಿದ್ದೆ. ಮೂರನೆಯ ಸಂಜೆ ಹಾಲು ತರಲು ಹೊರಟ ಮನೆಯವರು ಹಿಂದಿನ ಗೋಡೆಯ ಮೇಲೆ ಕೆಂಪು ಬೆಳಕು ಬಿದ್ದಿರುವುದನ್ನು ನೋಡಿ ಕರೆದರು. ಬ್ರೇಕ್ ಪೆಡಲಿನ ಮೇಲ್ಭಾಗದಲ್ಲಿ ಸ್ವಿಚ್ಚನ್ನು ಒತ್ತಿ ಹಿಡಿಯುವ ಕಡಲೆಕಾಳಿನಷ್ಟು ದೊಡ್ಡ ಪ್ಲಾಸ್ಟಿಕ್ ಗುಂಡಿಯೊಂದು ವಯಸ್ಸಾಗಿ ಪುಡಿಯಾಗಿ ಬಿದ್ದಿತ್ತು. ಪೆಡಲ್ ಮೇಲೆ ಬಂದಾಗಲೂ ಸ್ವಿಚ್ ಒತ್ತಿಕೊಳ್ಳದೆ ಬ್ರೇಕ್ ದೀಪಗಳು ಹಗಲೂ ರಾತ್ರಿಯೂ ಉರಿಯುತ್ತಿದ್ದವು. 21 ವಾಟ್‌ನ ಎರಡು ಬಲ್ಬು ಎಂದರೆ ಮೂರೂವರೆ ಆಂಪಿಯರ್, 35 ಎ.ಎಚ್. ಬ್ಯಾಟರಿಗೆ ಹತ್ತು ಗಂಟೆ ಸಾಕು. ಪೆಡಲಿನ ಕೆಳಗಿನ ಮ್ಯಾಟ್ ಮೇಲೆ ಪ್ಲಾಸ್ಟಿಕ್ ಚೂರುಗಳು ಕಂಡರೆ ಇದನ್ನು ನೆನೆಯಿರಿ. ನಿಮ್ಮ ಬ್ಯಾಟರಿ ನಾಲ್ಕು ದಿನ ತಾಳುತ್ತಿರುವುದರಿಂದ ಇದಾಗಿರಲಾರದು. ಆದರೆ ಒಳಗಿನ ದೀಪ, ಡಿಕ್ಕಿಯಲ್ಲಿ ಯಾರಾದರೂ ಹಾಕಿಸಿದ ದೀಪ ಇಂಥ ಐದು ವಾಟ್‌ನ ಬಲ್ಬು ಯಾವುದಾದರೂ ಉರಿಯುತ್ತಿದ್ದರೆ ಲೆಕ್ಕ ಹೆಚ್ಚುಕಡಿಮೆ ಹೊಂದುತ್ತದೆ.

ಇನ್ನು ಅಳತೆ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ಎಂದು ಬರೆದ ತೂತಿಗೆ ಚುಚ್ಚಿ, ಗುಂಡಿಯನ್ನು ಡಿಸಿ 10 ಆಂಪಿಯರಿಗೆ ತಿರುಗಿಸಿ. ಬ್ಯಾಟರಿಯ ಮೈನಸ್ ಕಂಬದಿಂದ ಕೇಬಲ್ ತೆಗೆದು, ಕೇಬಲ್ಲಿನ ತುದಿಗೆ ಕೆಂಪು ವೈರನ್ನೂ ಮೈನಸ್ ಕಂಬಕ್ಕೆ ಕಪ್ಪು ವೈರನ್ನೂ ಮೊಸಳೆ ಕ್ಲಿಪ್‌ನಿಂದ ಕಚ್ಚಿಸಿ. ಈಗ ಕಾರಿಗೆ ಹೋಗುವ ಕರೆಂಟೆಲ್ಲ ಮೀಟರಿನ ಹೊಟ್ಟೆಯ ಮೂಲಕವೇ ಹೋಗಬೇಕು. ಈ ಸ್ಥಿತಿಯಲ್ಲಿ ಮರೆತೂ ಕೀ ತಿರುಗಿಸಬೇಡಿ. ಸೆಲ್ಫ್ ಮೋಟರ್ ನೂರು ಆಂಪಿಯರಿಗೂ ಮಿಗಿಲಾಗಿ ಎಳೆಯುತ್ತದೆ, ಮೀಟರ್ ಹೊಗೆಯಾಡುತ್ತದೆ. ಅಗ್ಗದ ಮೀಟರುಗಳಲ್ಲಿ ಆ 10 ಆಂಪಿಯರ್ ತೂತಿಗೆ ಫ್ಯೂಸಿನ ರಕ್ಷಣೆಯೂ ಇರುವುದಿಲ್ಲ. ಕೆಲಸ ಮುಗಿದ ಕೂಡಲೇ ಕೆಂಪು ವೈರನ್ನು ವೋಲ್ಟ್ ತೂತಿಗೆ ವಾಪಸು ಹಾಕಿಬಿಡಿ. ಹಾಕದೆ ಮರುದಿನ ವೋಲ್ಟೇಜ್ ನೋಡಲು ಹೋದರೆ ಬ್ಯಾಟರಿಯ ಎರಡೂ ಕಂಬಗಳನ್ನು ಒಂದು ತಂತಿಯಿಂದ ಜೋಡಿಸಿದಂತೆಯೇ.

ಬಾಗಿಲು ತೆರೆದರೆ ಒಳದೀಪ ಹತ್ತಿ ಲೆಕ್ಕ ಕೆಡುತ್ತದೆ. ಫ್ಯೂಸ್ ಬಾಕ್ಸ್ ಡ್ಯಾಶ್‌ಬೋರ್ಡಿನ ಅಡಿಯಲ್ಲಿರುವುದರಿಂದ ಚಾಲಕನ ಬಾಗಿಲನ್ನು ತೆರೆದೇ ಇಡಬೇಕಾಗುತ್ತದೆ; ಆದ್ದರಿಂದ ಬಾಗಿಲ ಚೌಕಟ್ಟಿನಲ್ಲಿರುವ ಪುಟ್ಟ ಒತ್ತುಸ್ವಿಚ್ಚನ್ನು ಒಳಕ್ಕೆ ಒತ್ತಿ ಮೇಲೆ ಗಟ್ಟಿ ಟೇಪ್ ಅಂಟಿಸಿ. ಹತ್ತು ನಿಮಿಷ ಬಿಟ್ಟು ಮೀಟರ್ ಓದಿ, ಬರೆದುಕೊಳ್ಳಿ. ಆಮೇಲೆ ಒಂದೊಂದೇ ಫ್ಯೂಸ್ ಕಿತ್ತು, ಅಂಕಿ ನೋಡಿ, ಅದೇ ಜಾಗಕ್ಕೆ ಮರಳಿ ಹಾಕಿ, ಮುಂದಿನದಕ್ಕೆ ಹೋಗಿ. ಯಾವ ಫ್ಯೂಸ್ ಕಿತ್ತಾಗ ಅಂಕಿ ಧುಮುಕುತ್ತದೆಯೋ ಸೋರಿಕೆ ಆ ಫ್ಯೂಸಿನ ದಾರಿಯಲ್ಲಿದೆ.

ಸ್ಟೀರಿಯೊ ಮೇಲಿನ ಅನುಮಾನ ನಿರಾಧಾರವೇನಲ್ಲ. ಅಂಗಡಿಯಿಂದ ತಂದು ಹಾಕಿಸುವ ಸೆಟ್ಟುಗಳಲ್ಲಿ ಹಳದಿ ವೈರು ಸದಾ ಬ್ಯಾಟರಿಗೆ, ಕೆಂಪು ವೈರು ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ಕಡೆಗೆ ಹೋಗಬೇಕು. ಕೀ ಇಲ್ಲದೆಯೂ ಹಾಡು ಕೇಳಬೇಕೆಂಬ ಆಸೆಗೆ ಎರಡನ್ನೂ ಕೂಡಿಸಿ ‘ಡೈರೆಕ್ಟ್’ ಕೊಡುವುದು ನಮ್ಮಲ್ಲಿ ಮಾಮೂಲು. ಆಗ ಸೆಟ್ಟಿನ ಮುಖ ಕಪ್ಪಾಗಿದ್ದರೂ ಒಳಗೆ ಅರೆನಿದ್ರೆಯಲ್ಲಿ ಕರೆಂಟ್ ತಿನ್ನುತ್ತಲೇ ಇರುತ್ತದೆ. ಆದರೂ ಅಳತೆಗೆ ಮೊದಲು ಏನನ್ನೂ ಕೀಳಬೇಡಿ. ನೀವು ಹಗುರವಾಗಿ ಹೇಳಿ ದಾಟಿಹೋದ ಆ ಕಿಡಿಯ ಸಂಗತಿ ನನ್ನ ಮನಸ್ಸಿನಲ್ಲಿ ಉಳಿದಿದೆ. ಅಂಕಿಗಳನ್ನು ಬರೆದು ತಿಳಿಸಿ; ಜೊತೆಗೆ ಇಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಎಷ್ಟು ವೋಲ್ಟ್ ಬರುತ್ತದೆ, ಹೆಡ್‌ಲೈಟ್ ಹಾಕಿದಾಗ ಎಷ್ಟಾಗುತ್ತದೆ ಎಂಬುದನ್ನೂ ತಿಳಿಸಿ.

ಪ್ರಶ್ನೆ (ಅದೇ ಓದುಗರಿಂದ): ಕೇಬಲ್ ತೆಗೆದಿಟ್ಟ ವಾರ ಬ್ಯಾಟರಿ 12.5ರಲ್ಲೇ ನಿಂತಿತ್ತು. ಮೀಟರ್ 0.34 ಆಂಪಿಯರ್ ತೋರಿಸಿತು. ತಮ್ಮ ಲೆಕ್ಕ ಇಷ್ಟು ಸಮೀಪ ಬಂದದ್ದು ನೋಡಿ ಮಕ್ಕಳಿಗೆ ಪಾಠ ಮಾಡಿದಷ್ಟೇ ಸಂತೋಷವಾಯಿತು. ಆದರೆ ಮುಂದೆ ದಾರಿ ಕಾಣದಾಯಿತು. ಒಳದೀಪ ಹಾಗೂ ಸ್ಟೀರಿಯೊಗೆ ಸೇರಿದ ಫ್ಯೂಸ್ ಕಿತ್ತಾಗ 0.30ಕ್ಕೆ ಇಳಿಯಿತು. ಉಳಿದ ಯಾವ ಫ್ಯೂಸ್ ಕಿತ್ತರೂ ಅಂಕಿ ಕದಲಲಿಲ್ಲ. ಕೊನೆಗೆ ಸಿಟ್ಟು ಬಂದು ಎಲ್ಲ ಫ್ಯೂಸುಗಳನ್ನೂ ಕಿತ್ತು ಒಂದು ತಟ್ಟೆಯಲ್ಲಿಟ್ಟೆ, ಆಗಲೂ 0.30 ಹಾಗೆಯೇ ಇತ್ತು. ಇಂಜಿನ್ ಓಡುವಾಗ 13.5 ವೋಲ್ಟ್, ಹೆಡ್‌ಲೈಟ್ ಹಾಕಿದರೆ 12.9. ಹಾಗಾದರೆ ವೈರಿಂಗೇ ಕೆಟ್ಟಿರಬೇಕಲ್ಲವೇ?

ಉತ್ತರ: ಅಲ್ಲ. ತಟ್ಟೆ ತುಂಬ ಫ್ಯೂಸ್ ಇಟ್ಟುಕೊಂಡು ನೀವು ಪಡೆದ ಆ 0.30 ಎಂಬ ಉತ್ತರವೇ ಎಲ್ಲಕ್ಕಿಂತ ಸ್ಪಷ್ಟವಾದ ಸುಳಿವು. ಸ್ಟೀರಿಯೊ ಹಾಗೂ ಅದರ ನೆಂಟರೆಲ್ಲ ಸೇರಿ ತೆಗೆದುಕೊಳ್ಳುತ್ತಿರುವುದು 40 ಮಿಲಿಆಂಪಿಯರ್ ಮಾತ್ರ. ಅದು ಬೇಕಾದ್ದಕ್ಕಿಂತ ತುಸು ಹೆಚ್ಚೇ ಸರಿ, ಆದರೆ ದೊಡ್ಡ ಕಳ್ಳ ಅದಲ್ಲ. ದೊಡ್ಡ ಕಳ್ಳ ಫ್ಯೂಸ್ ಬಾಕ್ಸಿನ ಬಾಗಿಲಿಗೆ ಬರದೆ ನೇರವಾಗಿ ಬ್ಯಾಟರಿಯಿಂದಲೇ ಪಡೆಯುತ್ತಿದ್ದಾನೆ. ಅಂಥ ಹಾದಿಗಳು ಕಾರಿನಲ್ಲಿ ಬಹಳವಿಲ್ಲ. ಸೆಲ್ಫ್ ಮೋಟರಿಗೆ ಹೋಗುವ ದಪ್ಪ ಕೇಬಲ್ ಒಂದು. ಇಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರಿನ ಬಿ ಟರ್ಮಿನಲ್ಲಿನಿಂದ, ಎಂದರೆ ಕರೆಂಟ್ ಹೊರಬರುವ ತುದಿಯಿಂದ, ಬರುವ ವೈರು ಇನ್ನೊಂದು. ಅಂಗಡಿಯವರು ಆಮೇಲೆ ಪ್ಲಸ್ ಟರ್ಮಿನಲ್ಲಿಗೇ ಕಟ್ಟಿರಬಹುದಾದ ತೆಳು ವೈರುಗಳು ಮೂರನೆಯವು. ಸೆಂಟ್ರಲ್ ಲಾಕ್, ಸೈರನ್, ಆಂಪ್ಲಿಫೈಯರ್, ವಾಹನ ಎಲ್ಲಿದೆಯೆಂದು ತೋರಿಸುವ ಜಿಪಿಎಸ್ ಪೆಟ್ಟಿಗೆ ಇವನ್ನು ಹೀಗೆಯೇ ನಡುವೆ ಒಂದು ಪುಟ್ಟ ಫ್ಯೂಸ್ ಹಾಕಿ, ಕೆಲವೊಮ್ಮೆ ಅದನ್ನೂ ಹಾಕದೆ, ನೇರವಾಗಿ ಜೋಡಿಸಿಬಿಡುತ್ತಾರೆ. ಪ್ಲಸ್ ಟರ್ಮಿನಲ್ಲಿನ ಮೇಲಿನ ರಬ್ಬರ್ ಟೋಪಿ ಸರಿಸಿ ನೋಡಿ; ದಪ್ಪ ಕೇಬಲ್ಲುಗಳ ಜೊತೆ ತೆಳು ಕೆಂಪು ವೈರು ಇಣುಕುತ್ತಿದ್ದರೆ ಅದನ್ನೊಮ್ಮೆ ಬಿಡಿಸಿ ಮೀಟರ್ ಓದಿ.

ಆದರೆ ನನ್ನ ಬೆರಳು ತೋರುವುದು ಆಲ್ಟರ್ನೇಟರಿನ ಕಡೆಗೆ. ನಮ್ಮ ಗ್ಯಾರೇಜುಗಳಲ್ಲಿ ಈಗಲೂ ಡೈನಮೊ ಎಂದು ಕರೆಯುವುದು ಇದನ್ನೇ. ಅದರೊಳಗೆ ಹುಟ್ಟುವುದು ಎಸಿ ಕರೆಂಟ್. ಅದನ್ನು ಡಿಸಿಯಾಗಿಸಿ ಬ್ಯಾಟರಿಗೆ ಕಳಿಸುವುದು ಹಿಂಬದಿಯ ಮುಚ್ಚಳದೊಳಗೆ ಅಂಗೈಯಗಲದ ಒಂದು ತಟ್ಟೆಯ ಮೇಲೆ ಕೂತಿರುವ ಡಯೋಡುಗಳು. ಡಯೋಡ್ ಒಂದೇ ದಿಕ್ಕಿಗೆ ತೆರೆಯುವ ಬಾಗಿಲು. ಇಂಜಿನ್ ನಿಂತ ಮೇಲೆ ಬ್ಯಾಟರಿಯ ಕರೆಂಟ್ ವಾಪಸು ಬರದಂತೆ ತಡೆಯುವುದೂ ಅದೇ. ಆದ್ದರಿಂದಲೇ ಬ್ಯಾಟರಿಗೂ ಆಲ್ಟರ್ನೇಟರಿಗೂ ನಡುವೆ ಕೀಯಿಂದ ಆರಿಸುವ ಸ್ವಿಚ್ಚೇ ಇಲ್ಲ. ಹೊರಗಿನ ಬ್ಯಾಟರಿಯನ್ನು ತಿರುವುಮುರುವಾಗಿ ಹಿಡಿದಾಗ ಆ ಬಾಗಿಲುಗಳು ತಾವಾಗಿ ತೆರೆದುಕೊಂಡು ಒಮ್ಮೆಲೇ ಅಪಾರ ಕರೆಂಟಿಗೆ ಸಿಕ್ಕುತ್ತವೆ. ಮುಖ್ಯ ಫ್ಯೂಸ್ ಹಾರಿದ್ದರೆ ಅದೃಷ್ಟ. ನಿಮ್ಮಲ್ಲಿ ಅದು ಹಾರಿಲ್ಲ, ಏಟು ಡಯೋಡಿಗೇ ಬಿದ್ದಿರಬೇಕು. ಪೂರ್ತಿ ಸುಡದೆ ಅರೆಬೆಂದ ಡಯೋಡ್ ಹಗಲು ಹೇಗೋ ಕೆಲಸ ಮಾಡುತ್ತದೆ, ಚಾರ್ಜ್ ದೀಪವೂ ಎಚ್ಚರಿಸದೆ ಇರಬಹುದು. ರಾತ್ರಿ ಮಾತ್ರ ಬಾಗಿಲು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ತೊಂದರೆ ಶುರುವಾದದ್ದು ಆ ಕಿಡಿಯ ಮರುದಿನದಿಂದ ಎಂಬುದನ್ನು ನೀವೇ ಬರೆದಿದ್ದೀರಿ. ಓಡುವಾಗ 13.8ರಿಂದ 14.5 ವೋಲ್ಟ್ ಇರಬೇಕಾದಲ್ಲಿ 13.5 ಇರುವುದು, ಹೆಡ್‌ಲೈಟ್ ಹಾಕಿದೊಡನೆ 12.9ಕ್ಕೆ ಕುಸಿಯುವುದು ಅದೇ ಕಡೆಗೆ ಬೆಟ್ಟು ಮಾಡುತ್ತದೆ. ಅರ್ಧ ಬಲದ ಚಾರ್ಜಿಂಗ್, ಅದರ ಮೇಲೆ ಸೋರಿಕೆ, ಹೀಗೆ ನಿಮ್ಮ ಬ್ಯಾಟರಿಗೆ ಎರಡೂ ಕಡೆಯಿಂದ ಪೆಟ್ಟು ಬೀಳುತ್ತಿದೆ.

ಸಾಬೀತುಪಡಿಸುವುದು ಕಷ್ಟವಲ್ಲ. ಮೀಟರನ್ನೂ ಬ್ಯಾಟರಿಯ ಮೈನಸ್ ಕೇಬಲ್ಲನ್ನೂ ಮೊದಲು ಬಿಡಿಸಿ, ಯಾಕೆಂದರೆ ಬಿ ಟರ್ಮಿನಲ್ಲಿನಲ್ಲಿ ಸದಾ 12 ವೋಲ್ಟ್ ಇರುತ್ತದೆ. ಆಮೇಲೆ ಆಲ್ಟರ್ನೇಟರಿನ ಹಿಂಬದಿಯಲ್ಲಿ ರಬ್ಬರ್ ಮುಚ್ಚಳದಡಿ ನಟ್ಟು ಹಾಕಿ ಬಿಗಿದ ದಪ್ಪ ವೈರನ್ನು ಬಿಚ್ಚಿ, ಅದರ ಉಂಗುರಕ್ಕೆ ಟೇಪ್ ಸುತ್ತಿ, ಬಾಡಿಗೆ ತಗುಲದಂತೆ ಪಕ್ಕಕ್ಕೆ ಕಟ್ಟಿ. ಮತ್ತೆ ಮೀಟರ್ ಜೋಡಿಸಿ ಓದಿ. 0.30ರ ಬಹುಪಾಲು ಮಾಯವಾದರೆ ತೀರ್ಮಾನವಾಯಿತು. ಇದಕ್ಕಾಗಿ ಇಡೀ ಆಲ್ಟರ್ನೇಟರ್ ಹೊಸದು ಕೊಳ್ಳಬೇಕಿಲ್ಲ. ಕೈಕೆಲಸ ಬಲ್ಲ ಆಟೊ ಎಲೆಕ್ಟ್ರಿಷಿಯನ್ ಅದನ್ನು ಇಳಿಸಿ, ಬಿಚ್ಚಿ, ಡಯೋಡ್ ಪ್ಲೇಟ್ ಮಾತ್ರ ಬದಲಿಸುತ್ತಾನೆ. ಇಷ್ಟು ಹಳೆಯ ಗಾಡಿಯಾದರೂ ಇದರ ಬಿಡಿಭಾಗಗಳಿಗೆ ಇನ್ನೂ ಬರವಿಲ್ಲ. ಊರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಬಹುದು. ಇಳಿಸಿದಾಗಲೇ ಬ್ರಷ್ಷು, ಬೇರಿಂಗುಗಳನ್ನೂ ನೋಡಿಸಿಬಿಡಿ.

ಎರಡು ಸಲ ತಳ ಕಂಡ ಬ್ಯಾಟರಿಯನ್ನು ಉಳಿಸಿಕೊಳ್ಳುವ ಪ್ರಯತ್ನವೂ ಆಗಬೇಕು. ಕಾರಿನ ಬ್ಯಾಟರಿ ಮನೆಯ ಯುಪಿಎಸ್‌ನ ಬ್ಯಾಟರಿಯಂತೆ ಪೂರ್ತಿ ಇಳಿದು ಏಳಲು ಮಾಡಿದ್ದಲ್ಲ. ಖಾಲಿಯಾಗಿ ನಿಂತಷ್ಟು ದಿನವೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟುತ್ತದೆ. ಅಂಗಡಿಯಲ್ಲಿ ‘ಒಂದು ಗಂಟೆಯಲ್ಲಿ ಫುಲ್’ ಎಂದರೆ ಒಪ್ಪಬೇಡಿ. ಮೂರೂವರೆ ಆಂಪಿಯರಿನಲ್ಲಿ ಹತ್ತು ಹನ್ನೆರಡು ಗಂಟೆ ನಿಧಾನವಾಗಿ ಚಾರ್ಜಿಗೆ ಇಡಿಸಿ.

(ಅಂಕಣ ಅಚ್ಚಿಗೆ ಹೋಗುವ ಮುನ್ನ ಈ ಓದುಗರಿಂದ ಒಂದು ಕಾರ್ಡು ಬಂದಿದೆ. ಪ್ಲಸ್ ಟರ್ಮಿನಲ್ಲಿನಲ್ಲಿದ್ದ ಸೆಂಟ್ರಲ್ ಲಾಕಿನ ತೆಳು ವೈರು ಬಿಡಿಸಿದಾಗ 0.02 ಇಳಿಯಿತಂತೆ, ಅದನ್ನು ಮತ್ತೆ ಜೋಡಿಸಿ ಆಲ್ಟರ್ನೇಟರಿನ ವೈರು ಬಿಚ್ಚಿದಾಗ ಮೀಟರ್ 0.34ರಿಂದ 0.06ಕ್ಕೆ ಬಂತಂತೆ. ಡಯೋಡ್ ಪ್ಲೇಟ್ ಬದಲಿಸಿದ ಮೇಲೆ ಓಡುವಾಗ 14.2 ವೋಲ್ಟ್ ಇದೆ. ಉಳಿದ 60 ಮಿಲಿಆಂಪಿಯರ್ ದಿನಕ್ಕೆ ಸುಮಾರು ಒಂದೂವರೆ ಆಂಪಿಯರ್-ಅವರ್ ತಿನ್ನುತ್ತದೆ. ವಾರಕ್ಕೊಮ್ಮೆ ಶಿವಮೊಗ್ಗದವರೆಗೆ ಓಡುವ ಕಾರಿಗೆ ಅದು ಹೊರೆಯಲ್ಲ, ಆದರೆ ಹದಿನೈದು ದಿನ ನಿಂತರೆ ಮತ್ತೆ ಅದೇ ‘ಟಕ್ ಟಕ್’. ಆದ್ದರಿಂದ ಸ್ಟೀರಿಯೊದ ಕೆಂಪು, ಹಳದಿ ವೈರುಗಳನ್ನು ಬೇರ್ಪಡಿಸುವುದು ಬಾಕಿಯಿದೆ ಎಂದು ಅವರಿಗೆ ನೆನಪಿಸುತ್ತೇನೆ.)

ಪ್ರಶ್ನೆ: ಚಾರ್ಜಿಂಗ್ ಸರಿಯಿದೆಯೇ ಎಂದು ನೋಡಲು ನಮ್ಮ ಮೆಕ್ಯಾನಿಕ್ ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕಿತ್ತುಬಿಡುತ್ತಾರೆ. ‘ಇಂಜಿನ್ ನಿಲ್ಲಲಿಲ್ಲ, ಡೈನಮೊ ಸರಿಯಿದೆ’ ಎನ್ನುತ್ತಾರೆ. ಇದು ಸರಿಯಾದ ಕ್ರಮವೇ?
— ಓದುಗರು, ಹುಬ್ಬಳ್ಳಿ

ಉತ್ತರ: ದಯವಿಟ್ಟು ಇನ್ನು ಮುಂದೆ ಮಾಡಲು ಬಿಡಬೇಡಿ. ಕಾರಿನಲ್ಲಿ ಕಂಪ್ಯೂಟರುಗಳಿಲ್ಲದ ಡೈನಮೊ ಕಾಲದಿಂದ ಬಂದ ಅಭ್ಯಾಸವಿದು. ಆಲ್ಟರ್ನೇಟರಿನ ವೋಲ್ಟೇಜ್ ಏರಿಳಿತವನ್ನು ನುಂಗಿಕೊಂಡು ಸಮಾಧಾನದಲ್ಲಿಡುವುದು ಬ್ಯಾಟರಿಯೇ. ಅದನ್ನು ಒಮ್ಮೆಲೇ ಕಿತ್ತಾಗ ವೋಲ್ಟೇಜ್ ಕ್ಷಣಮಾತ್ರದಲ್ಲಿ ಹಲವು ಪಟ್ಟು ಚಿಮ್ಮಿ ಡಯೋಡು, ರೆಗ್ಯುಲೇಟರು, ಇಂಜಿನ್ ಕಂಪ್ಯೂಟರು ಯಾವುದನ್ನಾದರೂ ಸುಡಬಹುದು. ಅಷ್ಟಾಗಿಯೂ ಆ ಪರೀಕ್ಷೆ ಏನನ್ನೂ ಹೇಳುವುದಿಲ್ಲ: ಸಾಗರದ ಓದುಗರ ಅರೆಬೆಂದ ಆಲ್ಟರ್ನೇಟರೂ ಅದರಲ್ಲಿ ಪಾಸಾಗುತ್ತಿತ್ತು. ಮೀಟರನ್ನು ಬ್ಯಾಟರಿಯ ಮೇಲೆ ಹಿಡಿದು ವೋಲ್ಟ್ ಓದುವುದಕ್ಕೆ ಅರ್ಧ ನಿಮಿಷ ಸಾಕು.

ಪ್ರಶ್ನೆ: ಸಮುದ್ರದ ಹತ್ತಿರವಿರುವ ನಮ್ಮ ಮನೆಯಲ್ಲಿ ಬ್ಯಾಟರಿಯ ಟರ್ಮಿನಲ್ಲುಗಳ ಮೇಲೆ ಬಿಳಿ-ಹಸಿರು ಪುಡಿ ಕಟ್ಟುತ್ತದೆ, ಮೇಲ್ಭಾಗ ಯಾವಾಗಲೂ ಒದ್ದೆಯಾಗಿರುತ್ತದೆ. ಇದರಿಂದಲೂ ಬ್ಯಾಟರಿ ಇಳಿಯುತ್ತದೆಯೇ?
— ಓದುಗರು, ಉಡುಪಿ

ಉತ್ತರ: ಇಳಿಯುತ್ತದೆ. ಆಮ್ಲದ ತೇವ, ಧೂಳು ಸೇರಿದ ಆ ಪದರ ಪ್ಲಸ್ಸಿನಿಂದ ಮೈನಸ್ಸಿಗೆ ಒಂದು ಕಾಲುದಾರಿಯಾಗುತ್ತದೆ. ಮೀಟರನ್ನು ಡಿಸಿ 20 ವೋಲ್ಟಿಗಿಟ್ಟು ಕಪ್ಪು ಮೊನೆಯನ್ನು ಮೈನಸ್ ಕಂಬಕ್ಕೆ ಒತ್ತಿ, ಕೆಂಪು ಮೊನೆಯನ್ನು ಬ್ಯಾಟರಿಯ ಪ್ಲಾಸ್ಟಿಕ್ ಮೈಮೇಲೆ ಎಳೆಯಿರಿ. ಪ್ಲಾಸ್ಟಿಕ್ಕಿನ ಮೇಲೆಯೇ ಒಂದೆರಡು ವೋಲ್ಟ್ ಕಂಡರೆ ಆ ಪದರದಲ್ಲಿ ಕರೆಂಟ್ ಹರಿಯುತ್ತಿದೆ. ಕೇಬಲ್ಲುಗಳನ್ನು ಬಿಡಿಸಿ, ಮುಚ್ಚಳಗಳು ಬಿಗಿಯಾಗಿವೆಯೆಂದು ನೋಡಿಕೊಂಡು, ಬೆಚ್ಚಗಿನ ನೀರಿಗೆ ಎರಡು ಚಮಚ ಅಡುಗೆ ಸೋಡಾ ಕಲಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ನೊರೆಯೇಳುವುದು ನಿಂತ ಮೇಲೆ ನೀರಿನಿಂದ ತೊಳೆದು ಒಣಬಟ್ಟೆಯಲ್ಲಿ ಒರೆಸಿ, ಟರ್ಮಿನಲ್ ಬಿಗಿದ ಬಳಿಕ ಮೇಲೆ ವ್ಯಾಸಲೀನ್ ಸವರಿ. ಸೋಡಾ ನೀರು ಒಳಗೆ ಹೋಗಬಾರದು. ಮೇಲ್ಭಾಗ ಮತ್ತೆ ಮತ್ತೆ ಒದ್ದೆಯಾಗುತ್ತಿದ್ದರೆ ಡಿಸ್ಟಿಲ್ಡ್ ವಾಟರ್ ಗುರುತು ಮೀರಿ ತುಂಬಿಸಿದ್ದಾರೆಯೇ, ಚಾರ್ಜಿಂಗ್ 14.8 ದಾಟುತ್ತಿದೆಯೇ ಎಂಬುದನ್ನು ನೋಡಬೇಕು.

ಪ್ರಶ್ನೆ: ನನ್ನದು 2012ರ ಕಾರು. ತಾವು ಹಿಂದೆ ಹೇಳಿದ ರೀತಿ ಮೀಟರ್ ಜೋಡಿಸಿದರೆ ಮೊದಲು 2 ಆಂಪಿಯರ್, ಆಮೇಲೆ 0.6, ಸ್ವಲ್ಪ ಹೊತ್ತಿಗೆ 0.2 ಹೀಗೆ ಇಳಿಯುತ್ತ ಹೋಗುತ್ತದೆ. ಫ್ಯೂಸ್ ಕಿತ್ತು ಹಾಕಿದರೆ ಮತ್ತೆ ಮೊದಲಿನಿಂದ ಶುರು. ಯಾವ ಅಂಕಿಯನ್ನು ನಂಬಬೇಕು?
— ಓದುಗರು, ದಾವಣಗೆರೆ

ಉತ್ತರ: ಕೊನೆಯದನ್ನು. ಈ ತಲೆಮಾರಿನ ಕಾರುಗಳ ಕಂಪ್ಯೂಟರುಗಳು ಕೀ ತೆಗೆದ ಕೂಡಲೇ ಮಲಗುವುದಿಲ್ಲ. ಒಂದೊಂದಾಗಿ ನಿದ್ರೆಗೆ ಜಾರಲು ಇಪ್ಪತ್ತು ಮೂವತ್ತು ನಿಮಿಷವೂ ಬೇಕಾಗಬಹುದು. ಫ್ಯೂಸ್ ಕಿತ್ತು ಮರಳಿ ಹಾಕಿದಾಗ ಅವು ಬೆಚ್ಚಿ ಎದ್ದು ಕೂರುತ್ತವೆ. ಆದ್ದರಿಂದ ನಿಮಗೆ ಕೀಳದೆ ಅಳೆಯುವ ದಾರಿಯೇ ಸರಿ. ಬ್ಯಾಟರಿಯನ್ನು ಎಂದಿನಂತೆ ಜೋಡಿಸಿಟ್ಟು, ಬಾನೆಟ್ ಹಾಗೂ ಬಾಗಿಲ ಸ್ವಿಚ್ಚುಗಳನ್ನು ಒತ್ತಿ ಕಟ್ಟಿ, ಕೀಯನ್ನು ಮನೆಯೊಳಗೆ ಇಟ್ಟು, ಮುಕ್ಕಾಲು ಗಂಟೆ ಕಾರನ್ನು ಅದರ ಪಾಡಿಗೆ ಬಿಡಿ. ಆಮೇಲೆ ಮೀಟರನ್ನು 200 ಮಿಲಿವೋಲ್ಟಿಗೆ ಇಟ್ಟು, ಪ್ರತಿ ಫ್ಯೂಸಿನ ಬೆನ್ನ ಮೇಲೆ ಕಾಣುವ ಎರಡು ಲೋಹದ ಚುಕ್ಕೆಗಳಿಗೆ ಎರಡು ಮೊನೆಗಳನ್ನು ಮುಟ್ಟಿಸಿ. ಕರೆಂಟ್ ಹರಿಯದ ಫ್ಯೂಸ್ ಸೊನ್ನೆ ತೋರಿಸುತ್ತದೆ. 10 ಆಂಪಿಯರ್ ಫ್ಯೂಸಿನ ತಡೆ ಏಳೆಂಟು ಮಿಲಿಓಮ್‌ನಷ್ಟಿರುವುದರಿಂದ 0.2 ಆಂಪಿಯರ್ ಹರಿಯುತ್ತಿದ್ದರೆ ಒಂದೂವರೆ ಮಿಲಿವೋಲ್ಟ್ ಸಿಗುತ್ತದೆ. ಅಂಕಿ ಸಣ್ಣದೇ, ಆದರೆ ಸೊನ್ನೆಗಳ ಸಾಲಿನ ನಡುವೆ ಎದ್ದು ಕಾಣುತ್ತದೆ. ದಪ್ಪ ಫ್ಯೂಸಿನ ತಡೆ ಇನ್ನೂ ಕಡಿಮೆಯಾದ್ದರಿಂದ ಅಲ್ಲಿ ಅರ್ಧ ಮಿಲಿವೋಲ್ಟ್ ಕಂಡರೂ ಬರೆದಿಟ್ಟುಕೊಳ್ಳಿ. ಕ್ಲ್ಯಾಂಪ್ ಮೀಟರ್ ಕೊಳ್ಳುವ ಯೋಚನೆಯಿದ್ದರೆ ಡಿಸಿ ಅಳೆಯುತ್ತದೆಯೇ ಎಂದು ಕೇಳಿಯೇ ಕೊಳ್ಳಿ. ಮನೆ ವೈರಿಂಗಿನವರು ಬಳಸುವ ಸಾಮಾನ್ಯ ಕ್ಲ್ಯಾಂಪ್ ಎಸಿ ಮಾತ್ರ ಅಳೆಯುತ್ತದೆ, ಕಾರಿನ ವೈರಿಗೆ ಹಾಕಿದರೆ ಸೊನ್ನೆ ತೋರಿಸಿ ನಿಮ್ಮನ್ನು ಮರುಳುಮಾಡುತ್ತದೆ.

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಎರಡು ತಿಂಗಳು ಹೊರದೇಶಕ್ಕೆ ಹೋಗುತ್ತಿದ್ದೇವೆ. ಕಾರಿನಲ್ಲಿ ದೋಷವೇನೂ ಇಲ್ಲ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡುವಂತೆ ಕಾವಲಿನವರಿಗೆ ಹೇಳಿ ಹೋದರೆ ಸಾಕೇ?
— ಓದುಗರು, ಬೆಂಗಳೂರು

ಉತ್ತರ: ಸಾಲದು. ದೋಷವಿಲ್ಲದ ಕಾರೂ 30 ಮಿಲಿಆಂಪಿಯರ್ ತೆಗೆದುಕೊಂಡರೆ ಅರವತ್ತು ದಿನಕ್ಕೆ 43 ಆಂಪಿಯರ್-ಅವರ್ ಆಗುತ್ತದೆ. ನಿಮ್ಮ ಬ್ಯಾಟರಿಯಲ್ಲಿ ಅಷ್ಟು ಇರಲಿಕ್ಕಿಲ್ಲ. ನಿಂತಲ್ಲೇ ಐದು ನಿಮಿಷ ಓಡಿಸಿದರೆ ವಾರದಲ್ಲಿ ಸೋರಿದ್ದು ತುಂಬಿಬರುವುದಿಲ್ಲ, ಸೈಲೆನ್ಸರಿನಲ್ಲಿ ನೀರು ಮಾತ್ರ ಉಳಿಯುತ್ತದೆ. ಹೊರಡುವ ಹಿಂದಿನ ದಿನ ಒಂದು ಗಂಟೆ ಚೆನ್ನಾಗಿ ಓಡಿಸಿ ಬಂದು ಮೈನಸ್ ಕೇಬಲ್ ಬಿಡಿಸಿ, ಬಟ್ಟೆ ಸುತ್ತಿ, ಕಂಬಕ್ಕೆ ತಗುಲದಂತೆ ಇಟ್ಟುಹೋಗಿ. ಸ್ಟೀರಿಯೊ ಕೋಡ್ ಕೇಳುವ ಜಾತಿಯದಾದರೆ ಆ ಕೋಡನ್ನು ಮೊದಲೇ ಹುಡುಕಿ ಬರೆದಿಟ್ಟುಕೊಳ್ಳಿ. ಬಾಗಿಲನ್ನು ರಿಮೋಟ್ ಇಲ್ಲದೆ ಕೀಯಿಂದ ತೆರೆಯಲು ಬರುತ್ತದೆಯೇ ಎಂದೂ ಕೇಬಲ್ ತೆಗೆಯುವ ಮೊದಲೇ ಒಮ್ಮೆ ಪರೀಕ್ಷಿಸಿ. ವರ್ಷಗಟ್ಟಲೆ ರಿಮೋಟನ್ನೇ ಬಳಸಿದ ಕಾರುಗಳಲ್ಲಿ ಆ ಬೀಗ ತುಕ್ಕು ಹಿಡಿದು ತಿರುಗದಿರುವುದುಂಟು. ವಾಪಸು ಬಂದು ಕೇಬಲ್ ಜೋಡಿಸಿದ ಮೇಲೆ ಇಂಜಿನ್ ಒಂದೆರಡು ದಿನ ಐಡಲಿಂಗಿನಲ್ಲಿ ತುಸು ಏರುಪೇರಾದರೆ ಗಾಬರಿಪಡಬೇಡಿ; ಮರೆತದ್ದನ್ನು ಅದು ಓಡುತ್ತ ಮತ್ತೆ ಕಲಿತುಕೊಳ್ಳುತ್ತದೆ.